ಕೊಡದಲ್ಲಿ ಹೊತ್ತ ದನಿ

ಕಂಪ್ಯೂಟರು ದನಿಯನ್ನು ಹೊಳೆಯಂತೆ ಹರಿಸುವುದಿಲ್ಲ. ನಮ್ಮ ತ್ರಿಪ್ಲಿಕೇನಿನ ಲಾರಿ ನೀರಿನಂತೆ ಕೊಡಕೊಡವಾಗಿ ಹೊರುತ್ತದೆ. ಸೆಕೆಂಡಿಗೆ 48,000 ಹನಿ ಎಂದಿಟ್ಟರೆ, 1,024 ಹನಿಯ ಕೊಡ ತುಂಬಲು 21 ಮಿಲಿಸೆಕೆಂಡು. ಒಳಗೊಂದು, ಹೊರಗೊಂದು ಎಂದರೆ 40 ದಾಟಿತು.

ಇಷ್ಟರಿಂದೇನು ಎನ್ನಬೇಡಿ. ಎಂಬತ್ತೆರಡರ ನಮ್ಮ ಸೋದರತ್ತೆಗೆ ಅಜ್ಜಿಯ ಧಾಟಿಯ ದೇವರನಾಮಗಳು ಬರುತ್ತವೆ; ಮನೆಯಲ್ಲಿ ಇನ್ನಾರಿಗೂ ಬಾರವು. ಹೆಡ್‌ಫೋನ್ ಹಾಕಿ, ತಂಬೂರಿಯೊಡನೆ ಅವರ ದನಿಯನ್ನೂ ಅವರಿಗೆ ಕೇಳಿಸಿದರೆ, "ಯಾರೋ ಅಣಕಿಸ್ತಾರೆ ಕಣೋ" ಎಂದು ಎರಡನೆಯ ಸಾಲಿಗೇ ನಿಲ್ಲಿಸಿಬಿಟ್ಟರು.

ಲಿನಕ್ಸ್‌ನ ಸೊಗಸೆಂದರೆ, ಕಾಸು ಕೊಡದೆ ಒಳಗನ್ನು ಬಿಚ್ಚಿ ಸರಿಪಡಿಸಿಕೊಳ್ಳಬಹುದು. ಪಾಲ್ ಡೇವಿಸ್ ಆರಂಭಿಸಿದ 'ಜ್ಯಾಕ್'ನಲ್ಲಿ ಕೊಡವನ್ನು 128ಕ್ಕೆ ಇಳಿಸಿದೆ: ಮೂರು ಮಿಲಿಸೆಕೆಂಡೂ ಇಲ್ಲ. ಆದರೆ ಕೊಡ ಚಿಕ್ಕದಾದಷ್ಟೂ ಹೊರುವವನು ಪದೇಪದೇ ಬರಬೇಕು. ತಡಮಾಡಿದನೋ, ಚಟ್ ಎಂದು ಸದ್ದು. ಅದಕ್ಕೇ ನನ್ನ ಹೆಸರನ್ನು 'ಆಡಿಯೋ' ಗುಂಪಿಗೆ ಸೇರಿಸಿ, ಶಬ್ದದ ಕೆಲಸಕ್ಕೆ ರಿಯಲ್‌ಟೈಮ್ ಆದ್ಯತೆ ಕೊಡಿಸಿದೆ. ಬಹುಕಾಲ ಹೊರಗಿನ ತೇಪೆಯಾಗಿಯೇ ಇದ್ದ ರಿಯಲ್‌ಟೈಮ್ ಕರ್ನಲ್ 2024ರಲ್ಲಿ ಮೂಲ ಲಿನಕ್ಸಿಗೇ ಸೇರಿತು.

ಗಾಳಿಯಲ್ಲಿ ದನಿ ಮಿಲಿಸೆಕೆಂಡಿಗೆ 34 ಸೆಂಟಿಮೀಟರು ಸಾಗುತ್ತದೆ. ಈಗ ಅತ್ತೆಯ ದನಿ ಒಂದು ಮಾರು ದೂರದಿಂದ ಬಂದಷ್ಟೇ ತಡ. ಹನ್ನೊಂದು ಹಾಡು ಮುಗಿದಿವೆ. ಪಾರ್ಥಸಾರಥಿ ಗುಡಿಯ ಗಂಟೆಯೂ ಒಳಹೊಕ್ಕಿದೆ, ಅದನ್ನು ತೆಗೆಯಕೂಡದಂತೆ.