ಇಂಡೆಂಟ್ ಹಾಕೋರು ಯಾರು, ಒಪ್ಪೋರು ಯಾರು?

ಇವತ್ತು ನುಸಿ ರೋಗ, ಕೊಬ್ಬರಿ ರೇಟು ಬಿಟ್ಟು ಬೇರೆ ವಿಚಾರ ಬರೀತಿದ್ದೀನಿ. ನಮ್ಮಲ್ಲಿ ಬಹಳ ಜನ ರೈತ ಉತ್ಪಾದಕ ಕಂಪನಿಗಳಿಗೆ ಷೇರು ಕಟ್ಟಿದ್ದೀವಿ. ಅಲ್ಲಿ ಗೊಬ್ಬರ, ಬೇವಿನ ಹಿಂಡಿ, ಗೋಣಿಚೀಲ ತರಿಸೋದು ಈಗ ಕಂಪ್ಯೂಟರ್ ಮೂಲಕ. ಯಾರು ಕೇಳ್ತಾರೆ, ಯಾರು ಒಪ್ತಾರೆ ಅನ್ನೋದು ಷೇರು ಕಟ್ಟಿದ ನಮಗೇ ಗೊತ್ತಿಲ್ಲ.

ನಾನು ಷೇರುದಾರನಾಗಿರೋ ಕಂಪನಿಯ ಕಥೆ ಹೇಳ್ತೀನಿ, ಹೆಸರು ಬೇಡ. ಹೋದ ಮುಂಗಾರಿಗೆ ನಮ್ಮ ಸುತ್ತಿನ ನಲವತ್ತು ಮಂದಿ ಪೊಟ್ಯಾಷ್ ಬೇಕು ಅಂತ ಬರೆಸಿದ್ವಿ. ಅಂಗಡಿ ನೋಡ್ಕೊಳ್ಳೋ ಹುಡುಗ ಇಂಡೆಂಟ್ ಹಾಕಿದ. ಸಿಇಒ ಅದೇ ದಿನ ಒಪ್ಪಿದ್ರು. ಆಮೇಲೆ ಒಬ್ಬ ನಿರ್ದೇಶಕರ ಒಪ್ಪಿಗೆ ಬೇಕಿತ್ತು. ಅವರು ಮಗಳ ಬಾಣಂತನಕ್ಕೆ ಅಂತ ಬೆಂಗಳೂರಿಗೆ ಹೋಗಿದ್ರು, ಫೋನಿಗೆ ಬಂದ ಮೆಸೇಜ್ ನೋಡಿರಲಿಲ್ಲ. ಹನ್ನೆರಡು ದಿನ 'ಪೆಂಡಿಂಗ್'. ಅಷ್ಟರಲ್ಲಿ ಮಳೆ ಬಂತು, ಹದ ಆಯ್ತು, ಹದ ಹೋಯ್ತು. ಕೊಬ್ಬರಿ ಆದ್ರೆ ಅಟ್ಟದ ಮೇಲೆ ಹನ್ನೊಂದು ತಿಂಗಳು ಕಾಯುತ್ತೆ. ಭೂಮಿ ಹದ ಕಾಯುತ್ಯೇ? ನಾವೆಲ್ಲ ಹೊರಗಿನ ಅಂಗಡೀಲಿ ಸಾಲ ಹೇಳಿ ತಂದ್ವಿ.

ಮುಂದಿನ ಸಭೇಲಿ ಗಲಾಟೆ. ಒಬ್ಬರು ಎದ್ದು, 'ನಿರ್ದೇಶಕರ ಪಾಸ್‌ವರ್ಡ್ ಆ ಹುಡುಗನ ಕೈಗೇ ಕೊಟ್ಬಿಡಿ, ಅವನೇ ಒತ್ಕೊಳ್ಲಿ' ಅಂದ್ರು. ಅರ್ಧ ಜನ ಹೂಂ ಅಂದ್ರು. ಹಿಂದೆ ಕೂತಿದ್ದ ಹಿರಿಯರೊಬ್ಬರು, 'ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟಂಗೆ ಅಲ್ವೇನಪ್ಪ ಅದು?' ಅಂತ ಕೇಳಿದ್ರು. ಸಭೆ ಸುಮ್ಮನಾಯ್ತು.

ಅವರ ಮಾತು ಕಾನೂನಿಗೂ ಸರಿಯಾಗಿದೆ. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್ ಬಳಸೋ ಪ್ರತಿ ಕಂಪನಿಯೂ, ಯಾವ ದಿನ ಯಾವ ಲೆಕ್ಕ ತಿದ್ದಿದ್ರು ಅನ್ನೋ ದಾಖಲೆ ತಾನಾಗೇ ಉಳಿಯೋ ಸಾಫ್ಟ್‌ವೇರನ್ನೇ ಬಳಸ್ಬೇಕು. ಆ ದಾಖಲೆ ಆಫ್ ಮಾಡೋ ಹಾಗಿಲ್ಲ. ರೈತ ಉತ್ಪಾದಕ ಕಂಪನಿಯೂ ಕಂಪನಿಯೇ. ಆದ್ರೆ ಪಾಸ್‌ವರ್ಡ್ ಹಂಚಿಕೊಂಡ್ರೆ ಆ ದಾಖಲೆಯೇ ಸುಳ್ಳು ಹೇಳುತ್ತೆ. ಒತ್ತಿದವನು ಹುಡುಗ, ಹೆಸರು ನಿರ್ದೇಶಕರದ್ದು. ನಾಳೆ ಹೆಚ್ಚುಕಮ್ಮಿ ಆದ್ರೆ ಸಿಕ್ಕಿಹಾಕ್ಕೊಳ್ಳೋರು ಅವರು.

ಹಾಗಂತ ಎಲ್ಲಾನೂ ಮಂಡಳಿ ಸಭೆಗೆ ತಂದ್ರೂ ಕೆಲಸ ಆಗಲ್ಲ. ಉತ್ಪಾದಕ ಕಂಪನೀಲಿ 5ರಿಂದ 15 ನಿರ್ದೇಶಕರು ಇರ್ತಾರೆ, ಮೂರು ತಿಂಗಳಿಗೆ ಒಂದು ಸಭೆಯಾದ್ರೂ ಆಗ್ಬೇಕು ಅನ್ನುತ್ತೆ ಕಾನೂನು. ಮೂರು ತಿಂಗಳಲ್ಲಿ ಮುಂಗಾರೇ ಮುಗಿದಿರುತ್ತೆ.

ಕೊನೆಗೆ ನಮ್ಮಲ್ಲಿ ಹೀಗೆ ಗೊತ್ತು ಮಾಡಿದ್ವಿ. 25 ಸಾವಿರದವರೆಗೆ ಸಿಇಒ ಒಬ್ಬರ ಒಪ್ಪಿಗೆ ಸಾಕು. 2 ಲಕ್ಷದವರೆಗೆ ಜೊತೆಗೆ ಒಬ್ಬ ನಿರ್ದೇಶಕರು. ಅದಕ್ಕೂ ಮೇಲೆ ಮೂರು ಜನರ ಖರೀದಿ ಸಮಿತಿ. ಎರಡು ದಿನದೊಳಗೆ ಉತ್ತರ ಬರದಿದ್ರೆ ಇಂಡೆಂಟ್ ತಾನಾಗೇ ಇನ್ನೊಬ್ಬ ನಿರ್ದೇಶಕರಿಗೆ ಹೋಗುತ್ತೆ, ಅವರು ಯಾರು ಅಂತ ಮೊದಲೇ ಬರೆದಿಟ್ಟಿದೆ. ಇಂಡೆಂಟ್ ಹಾಕಿದವರು ಒಪ್ಪೋ ಹಾಗಿಲ್ಲ, ಒಪ್ಪಿದವರು ಚೀಲ ಎಣಿಸಿ ಇಳಿಸ್ಕೊಳ್ಳೋ ಹಾಗಿಲ್ಲ. ಇಂಡೆಂಟು, ಆರ್ಡರು, ಇಳಿಸ್ಕೊಂಡ ಲೆಕ್ಕ, ಬಿಲ್ಲು ನಾಲ್ಕೂ ತಾಳೆ ಆದ್ಮೇಲೇ ದುಡ್ಡು.

ಇಂಡೆಂಟಲ್ಲಿ ಏನು ಬರೀಬೇಕು ಅನ್ನೋದು ಅದಕ್ಕಿಂತ ಮುಖ್ಯ. ಬರೀ 'ಪೊಟ್ಯಾಷ್ 90 ಚೀಲ' ಅಂದ್ರೆ ಒಪ್ಪೋರು ಏನು ನೋಡಿ ಒಪ್ಪಬೇಕು? ಮರದ ಲೆಕ್ಕ ಬರೆಸಿ. ಕಾಸರಗೋಡಿನ ಸಿಪಿಸಿಆರ್‌ಐ ಶಿಫಾರಸಿನಲ್ಲಿ ಫಲ ಕೊಡೋ ಒಂದು ತೆಂಗಿಗೆ ವರ್ಷಕ್ಕೆ 1,200 ಗ್ರಾಂ ಪೊಟ್ಯಾಷ್ ಸತ್ವ, ಅಂದ್ರೆ 60 ಪರ್ಸೆಂಟಿನ ಮ್ಯುರಿಯೇಟ್ ಗೊಬ್ಬರ 2 ಕೆ.ಜಿ. ನಲವತ್ತು ಜನ, ತಲೆಗೆ 75 ಮರ ಅಂದ್ರೆ 3,000 ಮರ, 6,000 ಕೆ.ಜಿ., 50 ಕೆ.ಜಿ.ಯ 120 ಚೀಲ. ಮಳೆ ನಂಬಿದ ತೋಟಕ್ಕೆ ಮೂರನೇ ಒಂದು ಭಾಗ ಮೇ-ಜೂನಿಗೆ, ಉಳಿದದ್ದು ಸೆಪ್ಟೆಂಬರ್-ಅಕ್ಟೋಬರಿಗೆ. ಹಾಗಾದ್ರೆ ಮೊದಲ ಕಂತಿಗೆ ಬೇಕಾದ್ದು 40 ಚೀಲ. 90 ಅಂತ ಬಂದ್ರೆ ಯಾಕೆ ಅಂತ ಕೇಳ್ಬಹುದು.

ಯಾವ ತಾರೀಖಿಗೆ ಬೇಕು ಅನ್ನೋದೂ ಅದ್ರಲ್ಲಿ ಇರ್ಬೇಕು. ಗೋಣಿಚೀಲ ವಾರ ತಡವಾದ್ರೆ ನಡೆಯುತ್ತೆ. ಕಪ್ಪುತಲೆ ಹುಳಕ್ಕೆ ಬಿಡೋ ಗೋನಿಯೋಜಸ್ ಪರೋಪಜೀವಿ ಜೀವ ಇರೋ ಸರಕು, ಒಪ್ಪಿಗೆಗೆ ಕಾಯಿಸಿದ್ರೆ ಟ್ಯೂಬಲ್ಲೇ ಸಾಯುತ್ತೆ.

ನಾನು ಕಂಪನಿಗೆ ಸೇರಿಲ್ಲ, ನನಗ್ಯಾಕೆ ಅನ್ಬೇಡಿ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿದೆ. ಸೊಸೈಟಿ ಲೆಕ್ಕವೂ ಪುಸ್ತಕದಿಂದ ಕಂಪ್ಯೂಟರಿಗೆ ಹೋಗ್ತಿದೆ.

ಸಾಫ್ಟ್‌ವೇರ್ ಕಳ್ಳನನ್ನೂ ಹಿಡಿಯಲ್ಲ, ಸೋಮಾರೀನೂ ಎಬ್ಬಿಸಲ್ಲ. ನಾವು ಹಾಕಿದ ಕಟ್ಟುಪಾಡನ್ನ ಅದು ಮರೆಯದೆ ನಡೆಸುತ್ತೆ ಅಷ್ಟೇ. ಕಟ್ಟುಪಾಡು ಹಾಕೋ ಕೆಲಸ ಸಭೇಲಿ ಕೂರೋ ನಮ್ಮದು. ಈ ಸಲ ವಾರ್ಷಿಕ ಸಭೆಗೆ ಊಟಕ್ಕೆ ಅಂತ ಹೋದ್ರೂ ಸರಿ, ಮೂರು ಪ್ರಶ್ನೆ ಕೇಳಿ ಬನ್ನಿ. ಎಷ್ಟು ರೂಪಾಯಿವರೆಗೆ ಯಾರ ಒಪ್ಪಿಗೆ? ಅವರು ಊರಲ್ಲಿ ಇಲ್ಲದಿದ್ರೆ ಯಾರು? ಅವರ ಪಾಸ್‌ವರ್ಡ್ ಇನ್ಯಾರ ಹತ್ರ ಇದೆ?