ದೊಡ್ಡಮ್ಮನ ಸಂಕ್ರಾಂತಿ ಗೊಂಬೆ

ನಮ್ಮ ಕಡೆ ಗೊಂಬೆ ಕೂರಿಸುವುದು ದಸರೆಗೆ. ವಿಜಯವಾಡದ ನಮ್ಮ ದೊಡ್ಡಮ್ಮ ಸಂಕ್ರಾಂತಿಗೂ ಕೂರಿಸುತ್ತಿದ್ದಳು. ತುಮಕೂರು ಕಡೆಯವಳು, ದೊಡ್ಡಪ್ಪನ ರೈಲ್ವೆ ಕೆಲಸದ ಹಿಂದೆ ಗುಂತಕಲ್ಲಿಗೆ, ಅಲ್ಲಿಂದ ವಿಜಯವಾಡಕ್ಕೆ ಹೋದಳು. ಅಕ್ಕಪಕ್ಕದವರ ಬೊಮ್ಮಲ ಕೊಲುವು ನೋಡಿ ಈಕೆಗೂ ಹುಚ್ಚು ಹಿಡಿಯಿತು. ವರ್ಷಕ್ಕೆರಡು ಸಲ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ಏರಿಸಿ ದೊಡ್ಡಪ್ಪನ ಸೊಂಟ ಹಿಡಿದುಕೊಳ್ಳುತ್ತಿತ್ತು, ಆ ಮಾತು ಬಿಡಿ.

ಗೊಂಬೆಗಳೆಲ್ಲ ಪಕ್ಕದ ಕೊಂಡಪಲ್ಲಿಯವು. ಪೊಣಿಕಿ ಅಂತ ಹಗುರವಾದ ಮರ. ಕೈಕಾಲು ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಅಂಟಿಗೆ ಮರದ ಪುಡಿ ಕಲಸಿ ಜೋಡಿಸುತ್ತಾರೆ. ಅಂಬಾರಿ ಆನೆ, ದಶಾವತಾರ, ತಾಳೆಮರ ಹತ್ತುತ್ತಿರುವ ಕಳ್ಳಿನವನು. ಈ ಕಳ್ಳಿನವನನ್ನು ದೊಡ್ಡಮ್ಮ ದೇವರುಗಳಿಂದ ದೂರ, ಕೊನೆಯ ಮೆಟ್ಟಿಲಿಗೆ ತಳ್ಳುತ್ತಿದ್ದಳು.

ನಾನು ಹೇಳಹೊರಟಿದ್ದು ಬುಗುರಿಯ ವಿಷಯ. ಯಾವ ವರ್ಷವೋ ಮರೆತಿದೆ, ಧನುರ್ಮಾಸದ ಚಳಿ ಇತ್ತು. ವಿಶಾಖಪಟ್ಟಣದಲ್ಲಿ ಯಾರದೋ ಮಗುವಿನ ನಾಮಕರಣ. ಊಟಕ್ಕೆ ಗೋಂಗೂರ ಪಚ್ಚಡಿ ಇದ್ದದ್ದಂತೂ ಖಂಡಿತ. ವಾಪಸು ಬರುವಾಗ ದೊಡ್ಡಮ್ಮ ಹಬ್ಬದ ಕಜ್ಜಾಯಕ್ಕೆ ಬೆಲ್ಲ ಬೇಕೆಂದು ಅನಕಾಪಲ್ಲಿಯಲ್ಲಿ ಕಾರು ನಿಲ್ಲಿಸಿದಳು. ಆ ಬೆಲ್ಲದ ಮಂಡಿಯಲ್ಲಿ ಯಾರೋ ಏಟಿಕೊಪ್ಪಾಕದ ಹೆಸರೆತ್ತಿದರು. ಎಲಮಂಚಿಲಿ ಹತ್ತಿರ, ವರಾಹ ನದಿಯ ದಂಡೆಯ ಊರು, ಮರದ ಆಟಿಕೆ ಮಾಡುವವರದು. ನಡಿ, ಅಲ್ಲಿಗೇ.

ಜಗಲಿಯಲ್ಲಿ ಒಬ್ಬಾತ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತಿತ್ತು. ಮೇಲೆ ಕೇದಗೆ ಗರಿ ಹಿಡಿದದ್ದೇ ತಡ, ಫಳಫಳ ಹೊಳಪು. “ಇದು ನಮ್ಮ ಚನ್ನಪಟ್ಟಣದ ಹಾಲೆಮರ ಕಣೇ” ಎಂದರು ದೊಡ್ಡಪ್ಪ. ಅಲ್ಲಿ ಅಂಕುಡು ಅನ್ನುತ್ತಾರೆ. ಕಡಿದರೆ ಬುಡದಿಂದ ಮತ್ತೆ ಚಿಗುರುವ ಮರ. ಬಣ್ಣ ಅರಿಸಿನದ್ದು, ನೀಲಿಗಿಡದ್ದು, ಜಾಫ್ರಾ ಬೀಜದ ಕೆಂಪು. ನಡುವೆ ರಾಸಾಯನಿಕ ಬಣ್ಣ ಆ ಊರಿಗೂ ನುಗ್ಗಿತ್ತು. ಗಿಡಮೂಲದ ಬಣ್ಣವನ್ನು ಮತ್ತೆ ಚಾಲ್ತಿಗೆ ತಂದವರು ಅದೇ ಊರಿನ ಸಿ.ವಿ. ರಾಜು, 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ದೊಡ್ಡಮ್ಮನಿಗೆ ಇದೆಲ್ಲ ಸಾಲದು. “ಮಗು ಬಾಯಿಗೆ ಹಾಕ್ಕೊಂಡ್ರೆ?” ಎಂದು ತೆಲುಗಿನಲ್ಲಿ ಕೇಳಿಯೇ ಕೇಳಿದಳು. ಆತ ಮಾತಾಡಲಿಲ್ಲ. ಕೈಯಲ್ಲಿದ್ದ ಕೆಂಪು ಬುಗುರಿಯನ್ನು ದವಡೆಗೆ ಕೊಟ್ಟು ಕಚ್ಚಿ, ನಾಲಿಗೆ ಚಾಚಿ ತೋರಿಸಿದ. ವ್ಯಾಪಾರ ಅಲ್ಲೇ ಕುದುರಿತು. ಚೌಕಾಸಿ ಆಮೇಲೂ ನಡೆಯಿತೆನ್ನಿ.

ನಮ್ಮಲ್ಲಿ ಕರಿ ಎರೆಯುವ ಹಾಗೆ ಅಲ್ಲೂ ಭೋಗಿಯ ಸಂಜೆ ಮಕ್ಕಳ ತಲೆ ಮೇಲೆ ಎಲಚಿಹಣ್ಣು, ಕಬ್ಬಿನ ತುಂಡು, ಚಿಲ್ಲರೆ ಸುರಿಯುತ್ತಾರೆ. ಬಂದ ಮಕ್ಕಳಿಗೆಲ್ಲ ಪ್ಲಾಸ್ಟಿಕ್ ಡಬ್ಬಿ ಕೊಡುವ ರೂಢಿ ಬಿದ್ದಿತ್ತು. ಆ ಸಲ ದೊಡ್ಡಮ್ಮ ತಾಂಬೂಲ, ಕಡಲೆ ಉಸಲಿಯ ಜೊತೆ ಬುಗುರಿ ಕೊಟ್ಟಳು. ಪ್ಲಾಸ್ಟಿಕ್ ಕೆಟ್ಟದ್ದು ಅಂತ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಮರುವರ್ಷ ಯಾರೂ ಹೊಸಿಲು ತುಳಿಯುತ್ತಿರಲಿಲ್ಲ. ಹುಡುಗರು ಬುಗುರಿ ಕಚ್ಚುವುದನ್ನು ಕಂಡು ತಾಯಂದಿರು ಗಾಬರಿಯಾದಾಗ ಮಾತ್ರ ಏಟಿಕೊಪ್ಪಾಕದವನ ಕಥೆಯನ್ನು, ಕೊಂಚ ಉಪ್ಪು ಖಾರ ಹಚ್ಚಿ, ಹೇಳಿದಳು.

ಮುಂದೆ ವಿಶಾಖಪಟ್ಟಣಕ್ಕೆ ಹೋಗುವವರ ಕೈಗೆ ಆ ಬೀದಿಯ ಹೆಂಗಸರೆಲ್ಲ ದುಡ್ಡು ಕೊಟ್ಟು ಕಳಿಸತೊಡಗಿದರು. ಅದು ದೊಡ್ಡಮ್ಮನಿಗೆ ಹಿಡಿಸಲಿಲ್ಲ. ಒಂದು ದಿನ ಫೋನು ಬಂತು: “ಎಲ್ಲರ ಮನೇಲೂ ಅದೇ ಬುಗುರಿ ಕಣೋ, ನಾನಿನ್ನೇನು ಕೊಡ್ಲಿ? ಚನ್ನಪಟ್ಟಣದ್ದು ಕಳಿಸು. ಅರಿಸಿನದ ಬಣ್ಣದ್ದೇ ಆಗಬೇಕು, ಅಂಗಡಿಯವನ ಹತ್ರ ಕಚ್ಚಿಸಿ ನೋಡಿ ತಗೋ.”