ಅರ್ಧ ತಾಸಿನ ಗಾಳಿ

ಏಪ್ರಿಲ್ ಮುಗಿಯುತ್ತ ಬಂತೆಂದರೆ ಬಳಗಾನೂರಿನವರು ಎದುರಿಗಿದ್ದವರ ಮುಖ ಬಿಟ್ಟು ಮುಗಿಲು ನೋಡುತ್ತ ಮಾತಾಡುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಬೇಸಿಗೆ ನೆಲ್ಲು ಆಗ ಕೊಯ್ಲಿಗೆ ಬಂದಿರುತ್ತದೆ. ಮದುವೆಗೆ ಕರೆಯಲು ಬಂದ ಬೀಗರಿಗೂ ಮೊದಲ ಪ್ರಶ್ನೆ, ‘ನಿಮ್ ಕಡೆ ಮೋಡ ಐತೇನ್ರಿ?’

ಮಧ್ಯಾಹ್ನವಿಡೀ ಕುದಿದ ಬಿಸಿಲು ಸಂಜೆಗೆ ಬಿರುಗಾಳಿಯಾಗುತ್ತದೆ, ಜೊತೆಗೆ ಆಲಿಕಲ್ಲು. ಅರ್ಧ ತಾಸು, ಅಷ್ಟೇ. ಬೆಳಿಗ್ಗೆ ನೋಡಿದರೆ ನೆಲ್ಲು ಮಕ್ಕೊಂಡಿರುತ್ತದೆ. ರಸ್ತೆಯಿಂದ ಬಂಗಾರದ ಬಣ್ಣ ಹಾಗೇ ಕಾಣುತ್ತದೆ. ಬಗ್ಗಿ ತೆನೆ ಎತ್ತಿದರೆ ಕೈಗೆ ಬರುವುದು ಕಡ್ಡಿ, ಕಾಳೆಲ್ಲ ಕೆಸರಿನಲ್ಲಿ.

ಸರ್ಕಾರದ ಪರಿಹಾರಕ್ಕೆ ಬೆಳೆ ಕನಿಷ್ಠ ಶೇ 33ರಷ್ಟು ಹಾಳಾಗಿರಬೇಕು. ಶೇ 30 ಕಳೆದುಕೊಂಡವನು ಕಾಗದದ ಪ್ರಕಾರ ಸುಖವಾಗಿದ್ದಾನೆ. ವಿಮೆ ಕಟ್ಟಿದ್ದರೆ 72 ತಾಸಿನೊಳಗೆ ತಿಳಿಸಬೇಕು. ಕಂಬ ಉರುಳಿ ಕರೆಂಟು ಹೋಗಿ ಮೊಬೈಲು ಸತ್ತಿರುತ್ತದೆ.

ಯಾವ ಅರ್ಜಿಯಲ್ಲೂ ಕಾಲಂ ಇಲ್ಲದ ನಷ್ಟ ಇನ್ನೊಂದಿದೆ. ಬಿದ್ದ ಬೆಳೆ ಕೊಯ್ಯಲು ಯಂತ್ರಕ್ಕೆ ಹೆಚ್ಚು ಹೊತ್ತು ಬೇಕು, ಬಾಡಿಗೆಯೋ ತಾಸಿನ ಲೆಕ್ಕ. ಕಾಳು ತೊಯ್ದು ಬಣ್ಣಗೆಟ್ಟರೆ 75 ಕೆ.ಜಿ. ಚೀಲದ ದರ ಇಳಿಯುತ್ತದೆ. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 17 ದಾಟುವಂತಿಲ್ಲ. ಹಾಗಾಗಿ ಡಾಂಬರು ರಸ್ತೆಯೇ ಕಣ. ಹೆಂಗಸರು ಮಕ್ಕಳು ದಿನವಿಡೀ ಕಾಲಿನಿಂದ ನೆಲ್ಲಿನಲ್ಲಿ ಸಾಲು ಎಳೆಯುತ್ತ ತಿರುವಿ ಹಾಕುತ್ತಾರೆ; ಇದಕ್ಕೆ ಕೂಲಿ ಯಾರೂ ಬರೆದಿಡುವುದಿಲ್ಲ. ರಾತ್ರಿ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಲಾರಿಗಳ ಬೆಳಕಿಗೆ ಬೆನ್ನು ಕೊಟ್ಟು ಗಂಡಸರು ಅಲ್ಲೇ ಅಡ್ಡಾಗುತ್ತಾರೆ. ಮಣ್ಣಾದ ಹುಲ್ಲನ್ನು ಎಮ್ಮೆ ಮೂಸಿ ಮುಖ ತಿರುಗಿಸುತ್ತದೆ. ಹೊಟ್ಟು ಕೊಳ್ಳುವ ಖರ್ಚು ಅಲ್ಲಿಂದ ಶುರು.

ಎಲ್ಲರಿಗಿಂತ ಹೆಚ್ಚು ಕಣ್ಣಿಗೆ ಬೀಳದವನು ಗುತ್ತಿಗೆಗೆ ಹೊಲ ಮಾಡಿದವನು. ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿ ಬಂದ ಮೇಲೆ ಗೇಣಿಗೆ ಕಾನೂನಿನಲ್ಲಿ ಜಾಗ ಹೋಯಿತು, ಊರಲ್ಲಿ ಹೋಗಲಿಲ್ಲ, ಬಾಯಿಮಾತಿನಲ್ಲಿ ನಡೆಯುತ್ತದೆ. ಗೊಬ್ಬರದ ಸಾಲ ಇವನದು, ಬಿದ್ದ ಬೆಳೆ ಇವನದು. ಪಹಣಿ ಮಾತ್ರ ಮಾಲೀಕರದು, ಪರಿಹಾರದ ಹಣ ಪಹಣಿಯ ಹಿಂದೆ ಹೋಗುತ್ತದೆ. ಒಳ್ಳೆಯ ಮಾಲೀಕರು ಅದರಲ್ಲಿ ಪಾಲು ಕೊಡುವುದುಂಟು, ಆದರೆ ಕೇಳುವ ಹಕ್ಕು ಇವನಿಗಿಲ್ಲ.

ಪಕ್ಕದ ಮಸ್ಕಿಯಲ್ಲಿ ಅಶೋಕ ಬಂಡೆಯ ಮೇಲೆ ಬರೆಸಿದ ಹೆಸರು ಎರಡು ಸಾವಿರ ವರ್ಷ ದಾಟಿಯೂ ಅಳಿದಿಲ್ಲ. ಗುತ್ತಿಗೆಗೆ ಹೊಲ ಮಾಡಿದ ಈ ಮನುಷ್ಯನ ಹೆಸರನ್ನು ಒಂದು ಬೆಳೆಯ ಮಟ್ಟಿಗಾದರೂ ಒಂದು ಹಾಳೆಯಲ್ಲಿ ಬರೆದುಕೊಂಡರೆ ಸಾಕು. ಮುಂದಿನ ಗಾಳಿ ಬಂದಾಗ ನಷ್ಟ ಯಾರದೆಂದು ತಿಳಿಯುತ್ತದೆ.